ಬೋಳು ತುಟಿ

ಕ್ಷೌರದಂಗಡಿಯ ಎರಡೂ ಗೋಡೆಗೆ ಕನ್ನಡಿ ಹಾಕಿಸಿದ್ದು ಯಜಮಾನರಾದ ದೊಡ್ಡವರು. ಕೂತವನಿಗೆ ತನ್ನ ಹಿಂದಲೆಯೂ ಕಾಣಲಿ, ಆಮೇಲೆ ತಕರಾರು ಬೇಡ ಎಂದು. ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈ ಬೆಳಿಗ್ಗೆ ಷಟರ್ ಎತ್ತಿ, ದೀಪ ಹಾಕಿ, ಪೊರಕೆ ಹಿಡಿದು ತಲೆಯೆತ್ತಿದರೆ ಒಂದು ಕನ್ನಡಿಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಎಲ್ಲದರಲ್ಲೂ ಯಾರೋ ಒಬ್ಬ ಅಪರಿಚಿತ ಪೊರಕೆ ಹಿಡಿದುಕೊಂಡು ನಿಂತಿದ್ದ. ಅವನ ಮೂಗಿನ ಕೆಳಗೆ ಬಿಸಿಲನ್ನೇ ಕಾಣದ ಒಂದು ಪಟ್ಟಿ, ಗೋಡೆಯಿಂದ ಹಳೆಯ ಪಟ ತೆಗೆದಾಗ ಅದರ ಜಾಗ ಬೆಳ್ಳಗೆ ಉಳಿಯುತ್ತದಲ್ಲ, ಹಾಗೆ. ಬೀದಿಯಲ್ಲಿ ಅವನಿಗೆ ಮೀಸೆ ಎನ್ನುವುದನ್ನು ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ. ತರಕಾರಿ ಮಾರುವವಳಿಂದ ಹಿಡಿದು ಠಾಣೆಯ ಪೇದೆಯವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಎಡಗಡೆಯ ಕುರ್ಚಿ ಮೀಸೆಯದು, ಬಲಗಡೆಯದು ಗುಮ್ಮನದು. ಗುಮ್ಮ ದೊಡ್ಡವರ ಮಗ. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಹಾಗೆ ತುಟಿ ಬಿಗಿದುಕೊಂಡೇ ಇರುವವನು, ಅದಕ್ಕೇ ಆ ಹೆಸರು. ಇಬ್ಬರಿಗೂ ಕತ್ತಿ ಹಿಡಿಯಲು ಕಲಿಸಿದವರು ದೊಡ್ಡವರು. ಅವರು ಹೋದದ್ದು ಮೊನ್ನೆ ನಡುರಾತ್ರಿ. ನಿನ್ನೆ ಮಣ್ಣು ಮಾಡಿದ್ದರು.

ಅಂಗಡಿ ತೆರೆಯಬೇಕೋ ಬೇಡವೋ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಮನೆಯಲ್ಲಿ ಕೂತರೆ ಹೆಂಡತಿ ಅವನ ಮುಖ ನೋಡುತ್ತಾಳೆ. ಅಂಗಡಿಯಲ್ಲಾದರೆ ತಾನು ಬೇರೆಯವರ ಮುಖ ನೋಡಿಕೊಂಡಿರಬಹುದು ಎಂದುಕೊಂಡು ಬಂದಿದ್ದ. ಗುಮ್ಮನ ಕುರ್ಚಿಯ ಮೇಲೆ ಒಗೆದ ಬಟ್ಟೆಯೊಂದನ್ನು ಹೊದಿಸಿದ. ಹೊದಿಸಿದ ಮೇಲೆ ಅದು ಬೇರೇನನ್ನೋ ನೆನಪಿಗೆ ತಂದು, ತೆಗೆದು ಮಡಿಸಿಟ್ಟ. ನಿನ್ನೆ ಇದೇ ಹೊತ್ತಿಗೆ, ಸುದ್ದಿ ಬಂದ ಕೂಡಲೇ, ಅವನು ದೊಡ್ಡವರ ಮನೆಗೆ ಓಡಿರಲಿಲ್ಲ. ಮೊದಲು ಇಲ್ಲಿಗೆ ಬಂದಿದ್ದ. ಒಳಗಿನಿಂದ ಬಾಗಿಲು ಹಾಕಿಕೊಂಡು, ತನ್ನ ಕುರ್ಚಿಯಲ್ಲಿ ತಾನೇ ಕೂತು, ಮೊದಲು ಕತ್ತರಿಯಿಂದ, ಆಮೇಲೆ ಕತ್ತಿಯಿಂದ ಮೀಸೆ ತೆಗೆದಿದ್ದ. ಅವನ ಕಡೆ ತಂದೆ ಹೋದರೆ ಮಗ ಮಾಡುವುದು ಅದನ್ನು. ಯಾರೂ ಹೇಳಿರಲಿಲ್ಲ, ಯಾರೂ ಹೇಳುವ ಹಾಗೂ ಇರಲಿಲ್ಲ. ಕೈ ತಾನೇ ಹೋಯಿತು. ತುಟಿಯ ಮೂಲೆಯಲ್ಲಿ ಒಂದು ಕಡೆ ಕೊಯ್ದುಕೊಂಡ. ಕೆಲಸ ಕಲಿಯುತ್ತಿದ್ದ ಹೊಸತರ ನಂತರ ಅವನ ಕೈಯಿಂದ ಆದ ಮೊದಲ ಗಾಯ ಅದು. ಉದುರಿದ ಮೀಸೆ ಮಡಿಲ ಮೇಲೆ ಸತ್ತ ಇಲಿಮರಿಯ ಹಾಗೆ ಬಿದ್ದಿತ್ತು. ಅಳು ಬಂತು. ಆದರೆ ಅಳುತ್ತಿದ್ದರೂ ಕೈ ತನ್ನ ರೂಢಿ ಬಿಡಲಿಲ್ಲ. ಕತ್ತಿಯಾದ ಮೇಲೆ ಪಟಿಕದ ಕಲ್ಲು, ಅದಾದ ಮೇಲೆ ಹಸಿರು ಬಾಟಲಿಯ ಸುಗಂಧದ ನೀರು, ಕೊನೆಗೆ ಕತ್ತಿನ ಸುತ್ತ ಪೌಡರು. ಒಗೆದ ಅಂಗಿ ಹಾಕಿಕೊಂಡು ಅಪ್ಪನನ್ನು ಕಳೆದುಕೊಂಡ ಮಗನಾಗಿ ಆ ಮನೆಯ ಬಾಗಿಲಿಗೆ ಹೋಗಿ ನಿಂತ.

ಬಾಗಿಲಲ್ಲಿ ಇದ್ದವನು ಗುಮ್ಮನ ಸೋದರಮಾವ, ದೊಡ್ಡವರ ಹೆಂಡತಿ ದೊಡ್ಡಮ್ಮನ ತಮ್ಮ. ಮೀಸೆಯನ್ನು ಗಲ್ಲದಿಂದ ಹಣೆಯವರೆಗೆ ಒಮ್ಮೆ ನೋಡಿದ. ಮೂಗು ಅರಳಿಸಿ ವಾಸನೆ ಹಿಡಿದ. "ಏನಯ್ಯಾ, ಯಾರದಾದರೂ ಮದುವೆಗೆ ಹೊರಟಿದ್ದೀಯಾ?" ಎಂದ. ಮೀಸೆಗೆ ಅರ್ಥವಾಗಲಿಲ್ಲ. ದುಃಖದಲ್ಲಿ ಮನುಷ್ಯ ಏನೇನೋ ಆಡುತ್ತಾನೆ ಎಂದುಕೊಂಡು ಅವನ ಭುಜದಾಚೆ ಒಳಗೆ ನೋಡಿದ. ದೊಡ್ಡವರ ಪಾದದ ಬಳಿ ಗುಮ್ಮ ಕೂತಿದ್ದ. ತಲೆಯೆತ್ತಿದ. ಇಬ್ಬರ ಕಣ್ಣೂ ಕೂಡಿತು. ಗುಮ್ಮ ಒಂದು ಕ್ಷಣ ನೋಡಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟ. ಅಷ್ಟೇ ಆದದ್ದು. ಆದರೆ ಅಷ್ಟು ಸಾಕಾಗಿತ್ತು. ಮೀಸೆ ಹೊಸ್ತಿಲು ದಾಟಲಿಲ್ಲ. ಹೊರಗೆ ಬೀದಿಯವರ ಜೊತೆ ನಿಂತ. ಶವದ ಮೆರವಣಿಗೆ ಹೊರಟಾಗ ಅಂಗಡಿಯವರ ಜೊತೆ ಬಾಲದಲ್ಲಿ ನಡೆದ. ದಾರಿಯಲ್ಲಿ ಹೆಗಲು ಬದಲಿಸುವಾಗ ಒಂದೆರಡು ಸಲ ಮುಂದೆ ಹೋಗಿ ನೋಡಿದ. ಯಾರೂ ತಳ್ಳಲಿಲ್ಲ. ಅವನು ಹೋಗುವಷ್ಟರಲ್ಲಿ ಆ ಜಾಗದಲ್ಲಿ ಬೇರೊಬ್ಬರ ಹೆಗಲು ಇರುತ್ತಿತ್ತು, ಅಷ್ಟೇ. ತಳ್ಳಿದ್ದರೆ ವಾಸಿಯಿತ್ತು. ಜಗಳವಾದರೂ ಆಡಬಹುದಿತ್ತು.

"ಅಯ್ಯಯ್ಯೋ! ಮೀಸೆ ಎಲ್ಲಿ ಹೋಯ್ತಪ್ಪಾ?"

ಬಸ್ಸಿನ ಕಂಡಕ್ಟರ್. ಬೆಳಗಿನ ಪಾಳಿ ಹಿಡಿಯುವ ಮೊದಲು ಗಡ್ಡ ಮಾಡಿಸಿಕೊಂಡು ಹೋಗುವ ರೂಢಿ ಅವನದು. ಬಾಗಿಲಲ್ಲೇ ನಿಂತು ಎರಡು ಕೈ ಸೊಂಟಕ್ಕಿಟ್ಟುಕೊಂಡ. "ಹೆಂಡ್ತಿ ಕಿತ್ತಳಾ, ಇಲ್ಲ ನಿದ್ದೇಲಿ ಇಲಿ ತಿಂತಾ?"

"ಕೂತ್ಕೋ ಸುಮ್ನೆ."

"ಅಲ್ಲ ಮಾರಾಯಾ, ಮೇಲ್ದುಟಿ ಇಷ್ಟು ತೆಳ್ಳಗಿದೆ ಅಂತ ನಮಗೆ ಹೇಳಲೇ ಇಲ್ಲ ನೀನು. ಇಷ್ಟು ವರ್ಷ ಮುಚ್ಚಿಟ್ಟಿದ್ದೀಯಲ್ಲ, ಮೋಸ ಅಲ್ವಾ ಇದು?"

ಬೇರೆ ದಿನವಾಗಿದ್ದರೆ ಮೀಸೆ ಇದಕ್ಕೆ ನಾಲ್ಕು ಮಾತು ಸೇರಿಸಿ ತಿರುಗಿಸಿ ಕೊಡುತ್ತಿದ್ದ. ಆ ಬೀದಿಯಲ್ಲಿ ಅವನ ಬಾಯಿಗೆ ಹೆದರದವರು ಕಡಿಮೆ. ಇವತ್ತು ಬ್ರಷ್ಷನ್ನು ಬಟ್ಟಲಿಗೆ ಅದ್ದಿ, ಕಂಡಕ್ಟರ್ ಬಾಯಿಯ ಸುತ್ತ ನೊರೆ ಸ್ವಲ್ಪ ಹೆಚ್ಚೇ ಹಚ್ಚಿದ. ಬಾಯಿ ಮುಚ್ಚಿತು. ದೊಡ್ಡವರು ಹೋದರು ಎಂದು ಹೇಳಿದಾಗ ನೊರೆಯ ನಡುವೆ ಎರಡು ಕಣ್ಣು ಪಿಳಿಪಿಳಿ ಎಂದವು. ಕಂಡಕ್ಟರ್‌ಗೆ ಗೊತ್ತಿರಲಿಲ್ಲ, ರಜೆಯ ಮೇಲೆ ಹೋಗಿದ್ದನಂತೆ. ಹೋಗುವಾಗ ತಲೆ ತಗ್ಗಿಸಿಕೊಂಡು, "ಬೇಜಾರು ಮಾಡ್ಕೋಬೇಡ. ನನ್ನದೊಂದು ಬಾಯಿ," ಎಂದು ಹೋದ.

ಗುಮ್ಮನ ಮನೆಯವರು ಕೈಮುಗಿಯುವ ದೇವರು ಬೇರೆ, ಮೀಸೆಯ ಮನೆಯವರ ದೇವರು ಬೇರೆ. ಅಂಗಡಿಯಲ್ಲಿ ಅದು ಎಂದೂ ಒಂದು ವಿಷಯವೇ ಆಗಿರಲಿಲ್ಲ. ಅವರು ಪ್ರಾರ್ಥನೆಗೆ ಹೋದಾಗ ಎರಡೂ ಕುರ್ಚಿಗೆ ಮೀಸೆ. ಇವನ ಮನೆಯಲ್ಲಿ ಪೂಜೆಯಿದ್ದ ದಿನ ಎರಡಕ್ಕೂ ಗುಮ್ಮ. ಕೂತವನ ತಲೆಗೂ ಅದಕ್ಕೂ ಸಂಬಂಧವಿರಲಿಲ್ಲ. ನೆತ್ತಿಯಲ್ಲಿ ಸುಳಿ ಎಲ್ಲರಿಗೂ ಇರುತ್ತದೆ, ಕಿವಿಯ ಹಿಂದೆ ಕತ್ತಿ ಬಂದಾಗ ಎಲ್ಲರೂ ಉಸಿರು ಹಿಡಿಯುತ್ತಾರೆ. ನಾವೆಲ್ಲ ಒಂದೇ ಎಂದು ಸಭೆಯಲ್ಲಿ ಭಾಷಣ ಮಾಡುವವರನ್ನು ಕಂಡರೆ ಮೀಸೆಗೆ ನಗು ಬರುತ್ತಿತ್ತು. ಇದನ್ನು ಹೇಳುವುದಕ್ಕೆ ಮೈಕು ಬೇಕೇ, ಒಂದು ವಾರ ನನ್ನ ಅಂಗಡಿಯಲ್ಲಿ ನಿಂತರೆ ಸಾಕಲ್ಲ ಎನ್ನುತ್ತಿದ್ದ. ಗುಮ್ಮ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ. ಆ ಅಂಗೈ. ಬಾಯಿಯ ಮೇಲೆ ಬಂದ ಆ ಅಂಗೈ. ಹೇಸಿಕೆಯಾದರೆ ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ. ಹಾಗಾದರೆ ಇಷ್ಟು ವರ್ಷ ಒಳಗೆ ಏನೋ ಇತ್ತೆ? ಅಪ್ಪ ಇರುವವರೆಗೆ ಸಹಿಸಿಕೊಂಡು, ಅಪ್ಪ ಹೋದ ಕೂಡಲೇ, ನೀನು ಹೊರಗಿನವನು, ನಿನಗೇನು ಕೆಲಸ ಇಲ್ಲಿ ಎಂದನೇ? ಒಬ್ಬರ ಮುಂಗೈ ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ನಿಂತು ಆಯುಷ್ಯ ಕಳೆದವನ ಬಗ್ಗೆ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ನಿಲ್ಲಲಿಲ್ಲ.

ಬಿಸಿಲೇರಿದ ಮೇಲೆ ಬೇಕರಿಯವನು ಬಂದ. ಒಲೆಯ ಮುಂದಿನಿಂದ ನೇರ ಬಂದಿದ್ದನೇನೋ, ಹುಬ್ಬಿನ ಮೇಲೆಲ್ಲ ಹಿಟ್ಟು, ಮೈಯೆಲ್ಲ ಸುಟ್ಟ ಬ್ರೆಡ್ಡಿನ ವಾಸನೆ. ಅವನು ಗುಮ್ಮನ ಕಡೆಯವನು, ಅದೇ ಪ್ರಾರ್ಥನೆಯವನು. ದೂರದ ನೆಂಟನೂ ಹೌದು. ನಿನ್ನೆ ಮೆರವಣಿಗೆಯಲ್ಲಿದ್ದ. ಕೂತು, ಕೂದಲು ಮಾತ್ರ ಎಂದ. ಮೀಸೆ ಕತ್ತರಿ ಆಡಿಸತೊಡಗಿದ. ಬೇಕರಿಯವನು ಕನ್ನಡಿಯಲ್ಲಿ ಅವನ ತುಟಿಯನ್ನು ನೋಡುವುದು, ಕಣ್ಣು ಬೇರೆ ಕಡೆ ಹಾಯಿಸುವುದು, ಮತ್ತೆ ನೋಡುವುದು. ಕಿವಿಯ ಪಕ್ಕದ ಕೂದಲು ಸಮ ಮಾಡಲು ಮೀಸೆ ಕತ್ತಿ ತೆಗೆದುಕೊಂಡ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಒಂದು ಮಾತು ಕೇಳ್ತೀನಿ. ತಪ್ಪು ತಿಳ್ಕೋಬೇಡ."

"ಕೇಳು."

"ದೊಡ್ಡವರ ಮೇಲೆ ನಿನಗೇನಾದ್ರೂ ಸಿಟ್ಟಿತ್ತಾ?"

ಮೀಸೆ ಕತ್ತಿ ಎತ್ತಿಬಿಟ್ಟ. "ಏನಂದೆ?"

"ನಾನು ಹೇಳ್ತಿಲ್ಲ. ಅಲ್ಲಿ ಕೆಲವರು ಮಾತಾಡ್ಕೊಂಡ್ರು. ನೀನು ಅಷ್ಟು ಚೆಂದ ಮಾಡ್ಕೊಂಡು, ಸೆಂಟು ಹಾಕ್ಕೊಂಡು ಬಂದೆಯಲ್ಲ... ನಮ್ಮಲ್ಲಿ ಸಾವಿನ ಮನೆಗೆ ಹಾಗೆ ಬರಲ್ಲ ಅಣ್ಣಾ. ದುಃಖದ ದಿನ ಕಳೆಯೋವರೆಗೆ ಮುಖಕ್ಕೆ ಕತ್ತಿ ಮುಟ್ಟಿಸಲ್ಲ. ನುಣ್ಣಗೆ ಕ್ಷೌರ ಮಾಡಿಸ್ಕೊಂಡು ಬಂದ್ರೆ, ಹೋದದ್ದು ಒಳ್ಳೇದಾಯ್ತು, ನನಗೆ ಹಬ್ಬ ಅಂತ ಅರ್ಥ. ಹಗೆ ಇದ್ದವರು ಬೇಕಂತ ಮಾಡಿದ್ದೂ ಉಂಟು ಹಿಂದೆ."

"ನಮ್ಮಲ್ಲಿ ಅಪ್ಪ ಸತ್ತರೆ ಮೀಸೆ ತೆಗೀತೀವಿ ಕಣೋ."

ಬೇಕರಿಯವನು ತಿರುಗಿ ನೋಡಿದ. ಕನ್ನಡಿಯಲ್ಲಿ ಅಲ್ಲ, ನೇರವಾಗಿ. ಹುಬ್ಬಿನ ಹಿಟ್ಟಿನ ಕೆಳಗೆ ಕಣ್ಣು ದೊಡ್ಡವಾದವು. "ಅಯ್ಯೋ ದೇವರೇ," ಎಂದ. ಆಮೇಲೆ, "ಮತ್ತೆ ಸೆಂಟು?" ಎಂದು ಕೇಳಿದ.

"ಅದು ಕೈ ಅಭ್ಯಾಸ," ಎಂದ ಮೀಸೆ. ಹೇಳುವಾಗ ತನ್ನ ಕೈಯನ್ನೇ ನೋಡಿಕೊಂಡ, ಯಾರದೋ ಕೈ ಎನ್ನುವ ಹಾಗೆ.

ಬೇಕರಿಯವನು ಹೋದ ಮೇಲೆ ಮೀಸೆ ಗುಮ್ಮನ ಕುರ್ಚಿಯಲ್ಲಿ ಕೂತ. ಎಂದೂ ಕೂತಿರಲಿಲ್ಲ. ಗಡ್ಡ ಬಿಟ್ಟವರು ತನ್ನ ಕುರ್ಚಿಗೆ ಬರುವುದೇ ಇಲ್ಲವಲ್ಲ, ಗೊತ್ತಾಗುವುದು ಹೇಗೆ? ಕ್ಷೌರಿಕನಿಗೆ ಬಂದವರ ಮುಖ ಗೊತ್ತು. ಬಾರದವರ ಮುಖ ಅವನ ಲೆಕ್ಕಕ್ಕೇ ಇಲ್ಲ. ಹೀಗೆಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ನೆನಪಾಯಿತು, ಬಂದಿದ್ದರು. ಬೇರೆ ಯಾರೂ ಅಲ್ಲ, ಇವರೇ. ಗುಮ್ಮನ ಚಿಕ್ಕಪ್ಪ ದೂರದ ಊರಿನಲ್ಲಿ ತೀರಿಕೊಂಡಾಗ ತಂದೆ ಮಗ ಇಬ್ಬರೂ ಹೋಗಿ ಅಲ್ಲೇ ದಿನ ಕಳೆದು ಬಂದಿದ್ದರು. ಮುಖದ ತುಂಬ ಕುರುಚಲು. ದೊಡ್ಡವರದು ಅರ್ಧ ನರೆತ ಗಡ್ಡ, ಗುಮ್ಮನದು ಅಲ್ಲಲ್ಲಿ ಪೊದೆ. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. "ಏನು ದೊಡ್ಡವರೇ, ಆ ಊರಲ್ಲಿ ಒಬ್ಬ ಕ್ಷೌರಿಕನೂ ಗತಿಯಿಲ್ವಾ? ನಮ್ಮ ಅಂಗಡಿ ಮರ್ಯಾದೆ ತೆಗೆದ್ರಲ್ಲ!" ಎಂದು ಮೀಸೆ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಎಲ್ಲರಿಗಿಂತ ಮೊದಲು ತಾನೇ ನಕ್ಕಿದ್ದ. ದೊಡ್ಡವರೂ ನಕ್ಕರು. ತಮ್ಮನನ್ನು ಮಣ್ಣು ಮಾಡಿ ಬಂದವರು, ನಕ್ಕರು. ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿ, "ತೆಗಿಯಪ್ಪಾ ಹಾಗಾದ್ರೆ," ಎಂದರು. ಮೀಸೆಯೇ ತೆಗೆದ. ಅವರ ದುಃಖವನ್ನು ತನ್ನ ಕೈಯಾರೆ ಕೆರೆದು, ನೊರೆಯ ಜೊತೆ ಕಾಗದದ ಚೂರಿಗೆ ಒರೆಸಿ, ಬುಟ್ಟಿಗೆ ಹಾಕಿದ್ದ. ಯಾಕೆ ಹೇಳಲಿಲ್ಲ ಅವರು? ಗಿರಾಕಿಗಳ ಮುಂದೆ ಮೀಸೆಗೆ ನಾಚಿಕೆಯಾದೀತು ಎಂದೇ? ಅಷ್ಟೇ ಇರಬೇಕು. ಅವರು ಅಂಥವರೇ.

ಅವರು ಕೇಳಿ ತಿಳಿದುಕೊಂಡವರು. ಮೀಸೆಯ ಅಪ್ಪ ಹೋದಾಗ ಅವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಪೆನ್ಸಿಲ್ಲಿನಲ್ಲಿ ಗೀಚಿದಷ್ಟಿತ್ತು. ದೊಡ್ಡವರು ಕ್ಷೌರದ ಪೆಟ್ಟಿಗೆ ಸಮೇತ ಮನೆಗೆ ಬಂದಿದ್ದರು. ಹಿತ್ತಲಿನಲ್ಲಿ ಅವನನ್ನು ಮಣೆಯ ಮೇಲೆ ಕೂರಿಸಿ, ಮನೆಯ ಹಿರಿಯರೊಬ್ಬರ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: "ನಿಮ್ಮಲ್ಲಿ ಹೇಗೆ? ತಲೆಯೂ ತೆಗೀಬೇಕೋ, ಮೀಸೆ ಮಾತ್ರವೋ? ತಪ್ಪಾಗಬಾರದು ನೋಡಿ." ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. ಅವನ ತುಟಿ ನಡುಗುತ್ತಿತ್ತು. ಕತ್ತಿ ಹತ್ತಿರ ತಂದು, ಹಿಂದಕ್ಕೆ ತೆಗೆದುಕೊಂಡರು. "ಅಳು. ಅತ್ತು ಮುಗಿಸು. ಅಳೋ ತುಟಿ ಮೇಲೆ ಕತ್ತಿ ಇಡಬಾರದು." ಅವನು ಅಳುವಷ್ಟು ಹೊತ್ತೂ ಕತ್ತಿಯನ್ನು ಮಡಚಿ ಅಂಗೈಯಲ್ಲಿಟ್ಟುಕೊಂಡು ಕಾದಿದ್ದರು. ಅವರು ಕೇಳಿದರು. ಅಷ್ಟೇ ವ್ಯತ್ಯಾಸ. ಯಾರ ಮಗಳು ಯಾರ ಜೊತೆ ಓಡಿಹೋಗುತ್ತಾಳೆ, ಯಾವ ವಕೀಲನಿಗೆ ಯಾವ ಕಾಯಿಲೆ, ಎಲ್ಲವೂ ಮೀಸೆಗೆ ಗೊತ್ತು. ಪಕ್ಕದ ಕುರ್ಚಿಯವನ ಮನೆಯಲ್ಲಿ ಅಳುವುದು ಹೇಗೆ ಎಂದು ಗೊತ್ತಿರಲಿಲ್ಲ. ನಾವೆಲ್ಲ ಒಂದೇ ಎಂದುಕೊಂಡಿದ್ದರಿಂದಲೇ ಕೇಳಬೇಕು ಅನ್ನಿಸಲಿಲ್ಲವೇನೋ. ತನ್ನ ಅಳು ಹೇಗೋ ಅವರದೂ ಹಾಗೆ ಎಂದುಕೊಂಡಿದ್ದ. ಅಳು ಒಂದೇ, ಸರಿ. ಮುಖ ಬೇರೆ.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ನಿನ್ನೆ ಅವನು ಮನೆಗೆ ಬಂದಾಗ ಬಾಗಿಲು ತೆಗೆದವಳು, "ಯಾರು ಬೇಕಿತ್ತು?" ಎಂದು ಕೇಳಿ, ಗುರುತು ಹತ್ತಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಮದುವೆಯಾದಾಗಿನಿಂದ ಅವಳೂ ಆ ತುಟಿಯನ್ನು ನೋಡಿರಲಿಲ್ಲ. ಈಗ ಅವನು ಗುಮ್ಮನ ಕುರ್ಚಿಯಲ್ಲಿ ಕೂತಿರುವುದನ್ನು ಕಂಡು ಡಬ್ಬಿ ಕೆಳಗಿಟ್ಟಳು. ಅವನು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ತಾನು ಬೇಕರಿಯವನ ಮೇಲೆ, ಸೋದರಮಾವನ ಮೇಲೆ, ಸತ್ತವರ ಮೇಲೆ ಕೂಡ ಸಿಟ್ಟಾಗುತ್ತಿದ್ದೇನೆ ಎಂದು ಗೊತ್ತಾಗಿ ನಿಲ್ಲಿಸಿದ.

"ಸರಿ. ಹೋಗಿ ಹೇಳಿ ಬನ್ನಿ," ಎಂದಳು ಅವಳು.

"ಏನಂತ ಹೇಳ್ಲಿ?"

"ನನಗೆ ಹೇಳಿದ್ರಲ್ಲ, ಅದನ್ನೇ. ದಿನವಿಡೀ ಊರಿಗೆಲ್ಲ ಮಾತು ಹಂಚ್ತೀರಿ, ಇದೊಂದಕ್ಕೆ ಬಾಯಿಲ್ವಾ?"

"ಈ ಮುಖ ಇಟ್ಕೊಂಡು ಹೇಗೆ ಹೋಗ್ಲಿ ಕಣೇ? ಸ್ವಲ್ಪ ದಿನ ಹೋಗ್ಲಿ. ಕೂದಲು ಬರಲಿ."

"ನಿಮ್ಮ ಮೀಸೆ ಬೆಳೆಯೋವರೆಗೆ ಅವರ ದುಃಖ ಕಾದು ಕೂತಿರುತ್ತಾ?"

ಅವನು ಕಪಾಟಿನಿಂದ ಒಂದು ಕರವಸ್ತ್ರ ತೆಗೆದು, ಮೂಗಿನ ಕೆಳಗೆ ಸುತ್ತಿ ಕಟ್ಟಿಕೊಂಡು ಕನ್ನಡಿ ನೋಡಿದ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ಚೆನ್ನಾಗಿದೆ. ಹಾಗೇ ಹೋಗಿ. ನಿನ್ನೆ ಮದುವೆ ಗಂಡು ಬಂದಿದ್ದ, ಇವತ್ತು ಕಳ್ಳ ಬಂದ ಅಂತಾರೆ."

ಕರವಸ್ತ್ರ ಬಿಚ್ಚಿ ಎಸೆದ. ಅವಳೇ ಒಳಗೆ ಹೋಗಿ ಒದ್ದೆ ಬಟ್ಟೆ ತಂದು, ಮಕ್ಕಳ ಮುಖ ಒರೆಸುವ ಹಾಗೆ ಅವನ ಗಲ್ಲ, ಕತ್ತು, ಕಿವಿಯ ಹಿಂದೆ ಎಲ್ಲ ಉಜ್ಜಿದಳು. ನಿನ್ನೆಯ ಸುಗಂಧ ಇನ್ನೂ ಇತ್ತೋ ಇಲ್ಲವೋ. ಉಜ್ಜಿದ್ದಂತೂ ಜೋರಾಗಿಯೇ. "ನಾನೂ ಬರ್ತೀನಿ. ದೊಡ್ಡಮ್ಮನ ಹತ್ತಿರ ಕೂತಿರ್ತೀನಿ," ಎಂದಳು. ಅರ್ಧ ದಿನಕ್ಕೇ ಷಟರ್ ಇಳಿಯಿತು.

ಆ ಮನೆಯ ಬೀದಿ ಅವನಿಗೆ ಕಣ್ಣುಮುಚ್ಚಿ ನಡೆಯುವಷ್ಟು ಪರಿಚಯ. ಆದರೂ ಇವತ್ತು ಪ್ರತಿಯೊಂದು ಬಾಗಿಲೂ ಅವನನ್ನು ನೋಡುತ್ತಿತ್ತು. ಹೊಲಿಗೆಯಂಗಡಿಯವನು ಮಿಷಿನ್ ನಿಲ್ಲಿಸಿ ನೋಡಿದ. ನಲ್ಲಿಯ ಹತ್ತಿರದ ಹೆಂಗಸರು ಮಾತು ನಿಲ್ಲಿಸಿದರು, ಅಥವಾ ನಿಲ್ಲಿಸಿದರು ಎಂದು ಅವನಿಗನ್ನಿಸಿತು. ಅವನು ಮೇಲ್ದುಟಿಯನ್ನು ಹಲ್ಲಿನಿಂದ ಒಳಗೆಳೆದುಕೊಂಡು ನಡೆದ. ತನಗೆ ಬೇಕಾದದ್ದೇನು ಎಂದು ತನ್ನನ್ನೇ ಕೇಳಿಕೊಂಡ. ಕ್ಷಮೆಯೇ? ತಪ್ಪು ಮಾಡಿದ್ದರೆ ತಾನೆ ಕ್ಷಮೆ. ನಿನ್ನೆಯ ಹೆಗಲು ಮತ್ತೆ ಬರುವುದಿಲ್ಲ, ಅದು ಹೋಯಿತು. ಬೇಕಾಗಿದ್ದದ್ದು ಇಷ್ಟೇ. ಆ ಮನೆಯಲ್ಲಿ ತಾನು ಯಾರು ಎನ್ನುವುದು ನಿನ್ನೆಯವರೆಗೆ ಹೇಗಿತ್ತೋ ಹಾಗೇ ಇದೆಯೋ ಇಲ್ಲವೋ ತಿಳಿಯಬೇಕಿತ್ತು. ಇಲ್ಲ ಎಂದಾದರೆ ನಾಳೆಯಿಂದ ಆ ಎಡಗಡೆಯ ಕುರ್ಚಿಯ ಹಿಂದೆ ನಿಲ್ಲುವುದು ಹೇಗೆ? ಬರೀ ಕೂದಲು ಕತ್ತರಿಸಲು ಅವನು ಅಲ್ಲಿ ನಿಂತಿರಲಿಲ್ಲ.

ಹೊರಜಗಲಿಯಲ್ಲಿ ಚಪ್ಪಲಿಗಳ ರಾಶಿ. ಒಳಗೆ ಗೋಡೆಗುಂಟ ಚಾಪೆ ಹಾಸಿ ಮನೆಯ ಗಂಡಸರು ಸಾಲಾಗಿ ಕೂತಿದ್ದರು, ಬಂದವರು ಬಂದು ಮಾತಾಡಿಸಿ ಹೋಗಲು. ಸಾಲಿನ ತುದಿಯಲ್ಲಿ ಸೋದರಮಾವ, ಅವನ ಪಕ್ಕ ಗುಮ್ಮ. ಇಬ್ಬರ ಗಲ್ಲದ ಮೇಲೂ ಬೂದಿ ಉದುರಿಸಿದ ಹಾಗೆ ಕೂದಲು ತಲೆಯೆತ್ತಿತ್ತು. ಗುಮ್ಮನ ಮುಖದ ಮೇಲೆ ಅದನ್ನು ನೋಡಿದಾಗ ಮೀಸೆಗೆ ಮೊದಲ ಸಲ, ಗಿರಾಕಿಯ ಗಡ್ಡವನ್ನು ಕಂಡಂತಲ್ಲದೆ, ಮೈಮೇಲೆದ್ದ ಗಾಯವನ್ನು ಕಂಡಂತಾಯಿತು. ಹೆಂಡತಿ ತಲೆ ತಗ್ಗಿಸಿ ಒಳಕೋಣೆಗೆ ಹೋದಳು. ಅವನು ನಿನ್ನೆಯ ಜಾಗದಲ್ಲೇ, ಹೊಸ್ತಿಲ ಹೊರಗೇ ಉಳಿದ.

"ಮಾವಾ," ಎಂದ. ಗುಮ್ಮ ಕರೆಯುವ ಹಾಗೆಯೇ ಅವನೂ ಆ ಮನುಷ್ಯನನ್ನು ಕರೆಯುತ್ತಿದ್ದ. "ನಮ್ಮಲ್ಲಿ ಅಪ್ಪ ಹೋದರೆ ಮೀಸೆ ತೆಗೀತೀವಿ. ನಿಮ್ಮಲ್ಲಿ ಬೆಳೆಯೋಕೆ ಬಿಡ್ತೀರಿ ಅಂತ ನನಗೆ ಗೊತ್ತಿರಲಿಲ್ಲ." ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತಿನಲ್ಲಿ ಉಳಿದದ್ದು ಇಷ್ಟೇ.

ಸೋದರಮಾವ ಅವನನ್ನು ನೋಡಿದ. ಆಮೇಲೆ ಗುಮ್ಮನನ್ನು ನೋಡಿದ. "ಗೊತ್ತಿರಲಿಲ್ಲ! ಹುಟ್ಟಿದಾಗಿನಿಂದ ಒಂದೇ ಅಂಗಡಿಯಲ್ಲಿ ಬಿದ್ದಿದ್ದೀರಿ ಇಬ್ಬರೂ. ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?"

"ಏನೂ ಆಗಿರಲಿಲ್ಲ ಮಾವಾ. ಕೇಳಲಿಲ್ಲ."

"ಬಾಗಿಲಲ್ಲಿ ಯಾರದು? ಮೀಸೆನಾ?" ಒಳಕೋಣೆಯ ಅರೆತೆರೆದ ಬಾಗಿಲಾಚೆಯಿಂದ ದೊಡ್ಡಮ್ಮನ ದನಿ ಬಂತು, ಅತ್ತು ಒಡೆದ ದನಿ. "ನಿನ್ನೆ ಯಾಕೋ ಒಳಗೆ ಬರಲಿಲ್ಲ ನೀನು? ಎಲ್ಲರೂ ಬಂದರು, ನೀನು ಬರಲಿಲ್ಲ. ಅವರ ಕಾಲು ಹಿಡಿಯೋಕೆ ಒಬ್ಬ ಕಡಿಮೆಯಾದ ಅಂತ ನಾನು ಹುಡುಕ್ತಾ ಇದ್ದೆ."

ಮೀಸೆ ಹೊಸ್ತಿಲನ್ನು ನೋಡಿದ. ಬಂದಿದ್ದೆ ಎಂದರೆ ಸುಳ್ಳಲ್ಲ. ಬರಲಿಲ್ಲ ಎಂದರೂ ಸುಳ್ಳಲ್ಲ. ಮಾವ ಹಾಕಿದ ಒಂದು ಮಾತಿಗೆ, ಗುಮ್ಮ ತಿರುಗಿಸಿದ ಒಂದು ಮುಖಕ್ಕೆ ಮುನಿದು ಹಿಂದೆ ಸರಿದದ್ದು ತಾನೇ ಅಲ್ಲವೇ? ನಿಜವಾದ ಮಗ ಹೊಸ್ತಿಲಲ್ಲಿ ಮುನಿಯುತ್ತಾನೆಯೇ? ಯಾರು ಏನಂದರೂ ನುಗ್ಗಿ ಒಳಗೆ ಬಂದು ಬೀಳುತ್ತಾನೆ.

"ಅವನು ಬಂದಿದ್ದ ಅಮ್ಮಾ," ಎಂದವನು ಗುಮ್ಮ. ಎಲ್ಲರೂ ಅವನ ಕಡೆ ತಿರುಗಿದರು; ಎರಡು ದಿನದಿಂದ ಅವನು ಬಾಯಿ ಬಿಟ್ಟದ್ದು ಅದೇ ಮೊದಲಿರಬೇಕು. "ನಾನು ನೋಡಿದೆ. ಯಾಕೆ ತೆಗೆದಿದ್ದಾನೆ ಅಂತ ನನಗೆ ಗೊತ್ತಿತ್ತು. ಅವನ ಅಪ್ಪ ಹೋದಾಗ ನಮ್ಮ ಅಪ್ಪನ ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದು ನಾನೇ."

"ಗೊತ್ತಿದ್ದರೆ ಮುಖ ಯಾಕೋ ತಿರುಗಿಸಿದೆ?" ಮೀಸೆಯ ದನಿ ಅವನಿಗೇ ಚಿಕ್ಕ ಹುಡುಗನದಂತೆ ಕೇಳಿಸಿತು.

ಗುಮ್ಮ ಚಾಪೆಯ ಕಡ್ಡಿಯೊಂದನ್ನು ಉಗುರಿನಿಂದ ಎಬ್ಬಿಸುತ್ತ ಕೂತ. "ನಗು ಬಂತು ಕಣೋ," ಎಂದ ಕೊನೆಗೆ, ತಲೆಯೆತ್ತದೆ. "ಅಪ್ಪನ ಪಾದದ ಹತ್ತಿರ ಕೂತಿದ್ದೀನಿ. ತಲೆ ಎತ್ತಿದರೆ ನೀನು. ಸುಲಿದ ಕೋಳಿ ಹಾಗೆ ಕಾಣ್ತಿದ್ದೆ. ಅಷ್ಟು ಅಳ್ತಿದ್ದವನಿಗೆ ಒಂದೇ ಸಲಕ್ಕೆ ನಗು ಒತ್ತರಿಸಿಕೊಂಡು ಬಂತು. ಅಪ್ಪನ ಹೆಣದ ಮುಂದೆ ನಕ್ಕರೆ ಏನಾಗುತ್ತೆ ಹೇಳು? ಬಾಯಿ ಮುಚ್ಕೊಂಡೆ. ಆಮೇಲೆ ನೋಡಿದರೆ ನೀನಿಲ್ಲ." ಕಡ್ಡಿಯನ್ನು ಮತ್ತೆ ಒತ್ತಿ ಕೂರಿಸಿ, "ಅಪ್ಪ ಇದ್ದಿದ್ದರೆ ಅವರೂ ನಗ್ತಿದ್ದರು," ಎಂದ.

ಒಳಕೋಣೆಯಿಂದ ಒಂದು ವಿಚಿತ್ರ ಸದ್ದು ಬಂತು. ದೊಡ್ಡಮ್ಮ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಜೊತೆಗೆ ಮೀಸೆಯ ಹೆಂಡತಿಯದೂ ಅಂಥದೇ ಸದ್ದು. ಸೋದರಮಾವ ಗಂಟಲು ಸರಿಪಡಿಸಿಕೊಂಡ. ಇದೆಲ್ಲ ತನಗೆ ಒಪ್ಪಿಗೆಯಿಲ್ಲ ಎನ್ನುವ ಹಾಗೆ ಹುಬ್ಬು ಗಂಟು ಹಾಕಿಕೊಂಡೇ, ಕೂತಲ್ಲಿಂದ ಸೊಂಟ ಎತ್ತಿ ಅತ್ತ ಸರಿದ. ಅವನಿಗೂ ಗುಮ್ಮನಿಗೂ ನಡುವೆ ಚಾಪೆಯ ಒಂದು ತುಂಡು ಖಾಲಿಯಾಯಿತು. "ನಿಂತೇ ಇರ್ತೀಯಾ? ಬಂದವರಿಗೆ ದಾರಿ ಬಿಡು," ಎಂದ. ಮೀಸೆ ಹೊಸ್ತಿಲು ದಾಟಿ ಅಲ್ಲಿ ಹೋಗಿ ಕೂತ. ಚಾಪೆ ಬೆಚ್ಚಗಿತ್ತು. ಗುಮ್ಮನ ಮೊಣಕೈ ಎಂದಿನಂತೆ ಅವನ ಮೊಣಕೈಗೆ ತಾಗುತ್ತಿತ್ತು, ಅಂಗಡಿಯಲ್ಲಿ ತಾಗುವ ಹಾಗೆಯೇ. ಆದರೆ ಅಲ್ಲಿ ಅದನ್ನು ಅವನು ಗಮನಿಸಿಯೇ ಇರಲಿಲ್ಲ.

"ನಾಳೆಯಿಂದ ನಾನೂ ಕತ್ತಿ ಮುಟ್ಟಿಸಲ್ಲ," ಎಂದ ಮೀಸೆ ಪಿಸುಮಾತಿನಲ್ಲಿ. "ದಿನ ಕಳೆಯೋವರೆಗೆ."

"ನಿನಗೆ ಗಡ್ಡ ಚೆನ್ನಾಗಿ ಕಾಣಲ್ಲ," ಎಂದ ಗುಮ್ಮ.

ಬಾಗಿಲಲ್ಲಿ ನೆರಳಾಡಿತು. ಪರವೂರಿನಿಂದ ಬಂದಿದ್ದ ಮುದುಕನೊಬ್ಬ, ಮೀಸೆ ಎಂದೂ ಕಂಡವನಲ್ಲ, ಕೋಲೂರಿಕೊಂಡು ಒಳಗೆ ಬಂದ. ಸಾಲಿನ ತುದಿಯಿಂದ ಶುರುಮಾಡಿ, ಬಾಗಿ ಸೋದರಮಾವನ ಎರಡೂ ಕೈ ಹಿಡಿದು ಏನೋ ಹೇಳಿದ. ಸೋದರಮಾವ ಏನೋ ಗೊಣಗಿದ. ಮುದುಕ ಮುಂದಕ್ಕೆ ಬಂದ. ಮೀಸೆಯ ಮುಂದೆ ಅವನ ಕೈ ಅರ್ಧಕ್ಕೆ ನಿಂತಿತು. ನುಣ್ಣನೆಯ ಆ ಮುಖವನ್ನು ನೋಡಿ, ಇವನಾರು, ಇಲ್ಲಿ ಯಾಕೆ ಕೂತಿದ್ದಾನೆ ಎನ್ನುವಂತೆ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದ. ಮೀಸೆ ಎದ್ದುಬಿಡಲೇ ಎಂದುಕೊಂಡ. ಕಾಲು ಆಗಲೇ ಅರ್ಧ ಎದ್ದಿತ್ತು.

"ಇವನ ಕೈಯೂ ಹಿಡೀರಿ," ಎಂದ ಸೋದರಮಾವ, ಬೇರೆಲ್ಲೋ ನೋಡುತ್ತ, ಇನ್ನೂ ಸಿಟ್ಟಿನ ದನಿಯಲ್ಲೇ. "ಮನೆಯವನೇ. ಅವರಲ್ಲಿ ದುಃಖಕ್ಕೆ ಹೀಗೆ ಮಾಡ್ತಾರಂತೆ. ನನಗೇನು ಕನಸು ಬಿದ್ದಿತ್ತಾ?"

ಮುದುಕ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೀಸೆಯ ಎರಡೂ ಕೈ ಹಿಡಿದ. ಒಣಗಿದ, ಬಿಸಿಯಾದ ಕೈ. "ನಿಮ್ಮ ಭಾರ ಹಗುರಾಗಲಿ," ಎಂದ. ಅಷ್ಟು ಹೇಳಿ, ಉತ್ತರಕ್ಕಾಗಿ ಅವನ ಮುಖ ನೋಡಿದ. ಇದಕ್ಕೆ ಒಂದು ಉತ್ತರವಿದೆ, ಈ ಸಾಲಿನಲ್ಲಿ ಕೂತವರಿಗೆಲ್ಲ ಅದು ಬರುತ್ತದೆ, ತನಗೆ ಬರುವುದಿಲ್ಲ. ಮೀಸೆಗೆ ಕಿವಿ ಬಿಸಿಯಾಯಿತು. ಅವನು ಪಕ್ಕಕ್ಕೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆಯೇ, ನಾಚಿಕೆ ಬಿಟ್ಟು ಕೇಳಿದ:

"ಏನು ಹೇಳಬೇಕೋ ಇದಕ್ಕೆ?"

ಗುಮ್ಮ ಅವನ ಕಿವಿಗೆ ಬ್ರಷ್ಷು ಆಡಿಸುವಷ್ಟು ಮೆಲ್ಲಗೆ ಹೇಳಿಕೊಟ್ಟ. ಮುದುಕ ಅವಸರ ಮಾಡಲಿಲ್ಲ, ಕೈ ಬಿಡದೆ ಬಾಗಿಯೇ ಇದ್ದ.

"ಬಂದ್ರಲ್ಲ," ಎಂದ ಮೀಸೆ. ಉಳಿದದ್ದು ಬರಲು ಸ್ವಲ್ಪ ಹೊತ್ತು ಹಿಡಿಯಿತು. "ಹಗುರಾಯ್ತು."